ಗೇಜ್ ಅಂಟಿಸುವ ಮುನ್ನ

ಚಿ. ಸುಮಾಳಿಗೆ ಮಾವನ ಆಶೀರ್ವಾದಗಳು.

ಸೇತುವೆಗಳಿಗೆ ಸೆನ್ಸರ್ ಕೂರಿಸುವ ತಂಡ ಸೇರಿದ್ದೀಯಂತೆ, ಬಹಳ ಸಂತೋಷ ಪುಟ್ಟಿ. ಸಾಫ್ಟ್‌ವೇರ್ ನಿಧಾನಕ್ಕೆ ಕಲಿ, ಮೊದಲು ಕೈ ಪಳಗಲಿ. ಅಂಟು ಕೆಟ್ಟರೆ ಆಮೇಲಿನ ಲೆಕ್ಕವೆಲ್ಲ ವ್ಯರ್ಥ.

ಸ್ಟ್ರೇನ್ ಗೇಜ್ (ಲೋಹದ ಹಿಗ್ಗು ಕುಗ್ಗನ್ನು ತನ್ನ ರೋಧದ ಬದಲಾವಣೆಯಿಂದ ತೋರಿಸುವ ತೆಳು ಪಟ್ಟಿ) ಕೂರುವ ಜಾಗದ ಜಿಡ್ಡನ್ನು ಉಜ್ಜುವ ಮುಂಚೆಯೇ ಅಸಿಟೋನ್‌ನಿಂದ ತೆಗೆ. ಮೊದಲು ಉಜ್ಜಿದರೆ ಎಣ್ಣೆ ಗೀರುಗಳೊಳಗೆ ಇಳಿದು ಕೂರುತ್ತದೆ. ಆಮೇಲೆ ಬಣ್ಣ, ತುಕ್ಕು ಕೆರೆದು 320ರ ಎಮರಿ ಕಾಗದ ಹಾಕು. ಒಂದೇ ದಿಕ್ಕಿಗೆ ಒರೆಸು, ಪ್ರತಿ ಸಲ ಬಟ್ಟೆಯ ಮಗ್ಗುಲು ಬದಲಿಸು. ಬಟ್ಟೆಗೆ ಕಪ್ಪು ಹತ್ತುವುದು ನಿಲ್ಲುವವರೆಗೂ ಬಿಡಬೇಡ. ಕೆಲವು ದಿನದ ಪರೀಕ್ಷೆಗಾದರೆ ಥಟ್ಟನೆ ಹಿಡಿಯುವ ಸೈನೊಅಕ್ರಿಲೇಟ್ ಅಂಟು ಒಂದು ಹನಿ ಹಾಕಿ, ಹೆಬ್ಬೆರಳಲ್ಲಿ ಒಂದು ನಿಮಿಷ ಒತ್ತಿ ಹಿಡಿದರೆ ಸಾಕು. ವರ್ಷಗಟ್ಟಲೆ ಇರಬೇಕಾದ್ದಕ್ಕೆ ಎಪಾಕ್ಸಿ, ಇಲ್ಲವೇ ಸ್ಪಾಟ್ ವೆಲ್ಡ್ ಮಾಡುವ ಗೇಜೇ ಸರಿ. ಗೇಜಿಗೂ ಉಕ್ಕಿಗೂ ನಡುವಿನ ರೋಧ ನೂರಾರು ಮೆಗಾಓಮ್ ಇರಬೇಕು. ಇಳಿಯುತ್ತಾ ಬಂದರೆ ತೇವ ನುಗ್ಗಿದೆ. ಇದನ್ನು ನೋಡಲು 500 ವೋಲ್ಟಿನ ಮೆಗ್ಗರ್ (ಹೆಚ್ಚಿನ ರೋಧ ಅಳೆಯುವ ಮೀಟರ್) ಹಚ್ಚಬೇಡ, ಗೇಜೇ ಸುಟ್ಟೀತು.

ಮೋಸ ಹೋಗುವುದು ತಂತಿಯಲ್ಲಿ. 120 ಓಮ್‌ನ ಗೇಜಿನಲ್ಲಿ 100 ಮೈಕ್ರೋಸ್ಟ್ರೇನ್ (ಉದ್ದದ ಹತ್ತು ಲಕ್ಷ ಪಾಲಿಗೆ ನೂರು ಪಾಲಿನ ಹಿಗ್ಗು) ಅಂದರೆ ಬರೀ 0.024 ಓಮ್. ಒಂದು ಓಮ್ ರೋಧವಿರುವ ತಾಮ್ರದ ತಂತಿ 10 ಡಿಗ್ರಿ ಬಿಸಿಯೇರಿದರೆ 0.039 ಓಮ್ ಹೆಚ್ಚುತ್ತದೆ. ಭಾರವೇ ಬೀಳದೆ 160 ಮೈಕ್ರೋಸ್ಟ್ರೇನ್ ಕಾಣಿಸುತ್ತದೆ! ಅದಕ್ಕೇ ಮೂರು ತಂತಿಯ ಜೋಡಣೆ ಮಾಡು. ತಂತಿಗಳ ಬಿಸಿ ಒಂದಕ್ಕೊಂದು ವಜಾ ಆಗುತ್ತದೆ.

ಕಂಪನ ಅಳೆಯುವಾಗ ಅಲಿಯಾಸಿಂಗ್ (ವೇಗದ ಕಂಪನ ನಿಧಾನದ್ದರಂತೆ ಸುಳ್ಳಾಗಿ ಕಾಣುವುದು) ತಡೆಯುವ ಫಿಲ್ಟರ್ ಡಿಜಿಟಲ್ ಪರಿವರ್ತಕಕ್ಕಿಂತ ಮುಂಚೆಯೇ ಇರಲಿ. ವಾಹನಗಳ ಬೇರಿಂಗ್ ನೋಡಲು ಕಂಪನ ಅಳೆಯುವ ಅಕ್ಸೆಲೆರೋಮೀಟರನ್ನು ಆಯಸ್ಕಾಂತದಿಂದ ಅಂಟಿಸುವ ಬದಲು ಸ್ಟಡ್ (ತಿರುಪು) ಹಾಕಿ ಬಿಗಿ. ಬೇರಿಂಗ್ ಕೆಡುವ ಮೊದಲ ಸುಳಿವು ಸಿಗುವುದು ಹೆಚ್ಚಿನ ಆವರ್ತನಗಳಲ್ಲಿ, ಆಯಸ್ಕಾಂತದ ಹಿಡಿತದಲ್ಲಿ ಅವೇ ಕೈತಪ್ಪುತ್ತವೆ.

ಸ್ವಿಟ್ಜರ್ಲೆಂಡಿನ ಝಡ್24 ಸೇತುವೆಯನ್ನು 1998ರಲ್ಲಿ ಕೆಡವುವ ಮುನ್ನ ಹೆಚ್ಚುಕಡಿಮೆ ಒಂದು ವರ್ಷ ಅಳೆದರು. ಉಷ್ಣತೆ ಶೂನ್ಯಕ್ಕಿಂತ ಇಳಿದಾಗ ಡಾಂಬರು ಬಿಗಿದು, ಸೇತುವೆಯ ಸಹಜ ಆವರ್ತನ (ಅದು ತಾನಾಗಿ ಅಲುಗುವ ವೇಗ) ಏರಿತು. ಸೇತುವೆಗೆ ಏನೂ ಆಗಿರಲಿಲ್ಲ, ಆಗಿದ್ದು ಚಳಿ. ಆದ್ದರಿಂದ ಪ್ರತಿ ಗೇಜಿನ ಪಕ್ಕ ಉಷ್ಣತಾ ಸೆನ್ಸರ್ ಒಂದಿರಲಿ. ಎಲ್ಲ ಋತುಗಳ ದಾಖಲೆ ಕೈಸೇರುವವರೆಗೂ ಎಚ್ಚರಿಕೆಯ ಮಿತಿಯನ್ನು ಅಂತಿಮ ಮಾಡಬೇಡ, ಯಾರು ಎಷ್ಟೇ ಅವಸರ ಮಾಡಲಿ. ಅಲ್ಲಿಯವರೆಗೆ ಬಿರುಕು ಹುಡುಕಲು ಟಾರ್ಚು ಹಿಡಿದು ಕಣ್ಣಾರೆ ನೋಡುವ ತಪಾಸಣೆ ನಡೆಯುತ್ತಲೇ ಇರಲಿ.

ನಿನ್ನ ಮಾವ