ಗುಪ್ತಲಿಪಿಗೆ ನಮ್ಮ ಕಾಗುಣಿತವೇ ಸಾಕು

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಮಕ್ಕಳ ಪುಟದಲ್ಲಿ ಈಚೆಗೆ ‘ಗುಪ್ತ ಸಂದೇಶ ಬಿಡಿಸಿ’ ಎಂಬ ಆಟ ಬರುತ್ತಿದೆ. ಆಟ ಒಳ್ಳೆಯದು, ನಿಲ್ಲಿಸಬೇಡಿ. ಆದರೆ ಅದನ್ನು ಕಟ್ಟುತ್ತಿರುವ ರೀತಿಗೆ ನನ್ನ ತಕರಾರಿದೆ. ಕನ್ನಡದ ವಾಕ್ಯವನ್ನು ಮೊದಲು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡು, ‘ಎ’ಗೆ 1, ‘ಬಿ’ಗೆ 2 ಎಂದು ಅಂಕಿ ಹಂಚಿ, ಆ ಅಂಕಿಗಳನ್ನು ಅಚ್ಚು ಮಾಡುತ್ತೀರಿ. ಕಳೆದ ವಾರ ಕೊಟ್ಟದ್ದು 14-1-12-5, 8-1-12-12-9-7-5, 2-1. ನನ್ನ ಮೊಮ್ಮಗಳು ಇದನ್ನು ‘ನಾಲೆ ಹಲ್ಲಿಗೆ ಬಾ’ ಎಂದು ಬಿಡಿಸಿ, ಅರ್ಥವಾಗದೆ ನನ್ನ ಮುಖ ನೋಡಿದಳು. ನಿಮ್ಮ ಉತ್ತರ ‘ನಾಳೆ ಹಳ್ಳಿಗೆ ಬಾ’ ಎಂದಿತ್ತು. ಹುಡುಗಿಯ ಲೆಕ್ಕದಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ. ಲ ಮತ್ತು ಳ ಎರಡಕ್ಕೂ 12 ಕೊಟ್ಟವರು ನೀವು. ತ-ಟ, ನ-ಣ, ದ-ಡ ಇವುಗಳ ಪಾಡೂ ಇದೇ. ಉತ್ತರ ತಪ್ಪಾಯಿತೆಂದು ಮಗು ಪೆನ್ಸಿಲ್ ಎಸೆದರೆ ದೋಷ ಯಾರದು?

ನಾನು ಗಣಿತದ ಶಿಕ್ಷಕಿಯಲ್ಲ. ಕುಮಟಾದಲ್ಲಿ ನಮ್ಮ ಮಾವನವರ ಕಾಲದ ಜವಳಿ ಅಂಗಡಿಯ ಗಲ್ಲಾದಲ್ಲಿ ಕುಳಿತು ಮುಪ್ಪಾದವಳು. ಆದರೆ ಗುಪ್ತಲಿಪಿಯಲ್ಲಿ ದಿನವಹಿ ವ್ಯವಹಾರ ಮಾಡಿದವರು ನಿಮ್ಮ ಪುಟ ಸಿದ್ಧಪಡಿಸುವವರಲ್ಲಿ ಯಾರೂ ಇರಲಾರರು, ನಾನು ಮಾಡಿದ್ದೇನೆ. ಆ ಧೈರ್ಯದಿಂದ ಬರೆಯುತ್ತಿದ್ದೇನೆ.

ಬೆಲೆ ಅಚ್ಚಾಗಿ ಬರದಿದ್ದ ಕಾಲದಲ್ಲಿ ಪ್ರತಿ ಸೀರೆಯ ಚೀಟಿಯ ಮೂಲೆಯಲ್ಲಿ ಅಸಲು ಬೆಲೆಯನ್ನು ಅಕ್ಷರಗಳಲ್ಲಿ ಬರೆದಿಡುತ್ತಿದ್ದೆವು. ಚೌಕಾಸಿಗೆ ನಿಂತ ಗಿರಾಕಿಯ ಎದುರು ಎಷ್ಟರವರೆಗೆ ಇಳಿಯಬಹುದೆಂದು ನಮಗೆ ತಿಳಿಯಬೇಕು, ಅವರಿಗೆ ತಿಳಿಯಬಾರದು. ಇದಕ್ಕೆ ಬೇಕಾದದ್ದು ಒಂದೂ ವ್ಯಂಜನ ಮರುಕಳಿಸದ ಹತ್ತು ಅಕ್ಷರಗಳ ಮಾತು. ನಮ್ಮ ಅಂಗಡಿಯದು ‘ಮಳೆಗಾಲದ ಕಪ್ಪೆ ಹಾಡಿತು’. ಮ ಒಂದು, ಳ ಎರಡು, ಗ ಮೂರು, ಲ ನಾಲ್ಕು, ದ ಐದು, ಕ ಆರು, ಪ ಏಳು, ಹ ಎಂಟು, ಡ ಒಂಬತ್ತು, ತ ಸೊನ್ನೆ. 280 ರೂಪಾಯಿಯ ಸೀರೆಗೆ ‘ಳಹತ’, 640ರದ್ದಕ್ಕೆ ‘ಕಲತ’. ಕೆಲಸಕ್ಕೆ ಸೇರಿದ ಹುಡುಗನಿಗೆ ಕಪ್ಪೆಯ ಮಾತು ಬಾಯಿಪಾಠವಾಗಲು ಅರ್ಧ ದಿನ ಸಾಕಿತ್ತು. ಈಗ ಅಂಗಡಿ ಮಗನದು, ಎಲ್ಲ ಬಾರ್‌ಕೋಡ್. ಬಯಲು ಮಾಡಿದರೆ ನಷ್ಟವೇನೂ ಇಲ್ಲ.

ಇದನ್ನೂ ಒಬ್ಬರು ಬಿಡಿಸಿದರು. ಚೌತಿಗೆ ಮುಂಚೆ ತಪ್ಪದೆ ಬಟ್ಟೆಗೆ ಬರುತ್ತಿದ್ದ ಕನ್ನಡ ಮೇಷ್ಟ್ರು. ಅವರು ಗಮನಿಸಿದ್ದು ಇಷ್ಟೇ: ಚೀಟಿಗಳ ಕೊನೆಯಲ್ಲಿ ಬಹುಪಾಲು ‘ತ’ ಇರುತ್ತದೆ, ಜವಳಿಯ ಬೆಲೆ ಬಹುಪಾಲು ಸೊನ್ನೆಯಲ್ಲಿ ಮುಗಿಯುತ್ತದೆ. ಒಂದಕ್ಷರ ಸಿಕ್ಕಿತು. ನಾವು ಅಸಲಿನ ಮೇಲೆ ಕಾಲುಭಾಗ ಏರಿಸಿ ಹೇಳುತ್ತೇವೆಂದು ಊರಿಗೆಲ್ಲ ಗೊತ್ತು. 350 ಎಂದು ಹೇಳಿದ ಸೀರೆಯ ಚೀಟಿಯಲ್ಲಿ ‘ಳಹತ’ ಇದ್ದರೆ ಉಳಿದೆರಡು ಅಕ್ಷರಗಳೂ ಸಿಕ್ಕಂತೆಯೇ. ಮೇಷ್ಟ್ರು ಮಾವನವರ ಕಿವಿಯಲ್ಲಿ ‘ಇನ್ನೂರ ಎಂಬತ್ತು ಅಲ್ಲವೇ ರಾಯರೇ?’ ಎಂದರಂತೆ. ಅಂದಿನಿಂದ ಮಾವನವರು ಎರಡು ಹೊಸ ನಿಯಮ ತಂದರು. ಯಾವ ಅರ್ಥವೂ ಇಲ್ಲದ ರ, ಸ, ನ ಇವುಗಳಲ್ಲಿ ಒಂದನ್ನು ಬೇಕಾದಲ್ಲಿ ತುರುಕುವುದು; ಒಂದೇ ಅಂಕಿ ಜೋಡಿಯಾಗಿ ಬಂದರೆ ಎರಡನೆಯದಕ್ಕೆ ‘ಯ’ ಬರೆಯುವುದು. 550 ಎಂಬುದು ‘ದದತ’ ಆಗುವ ಬದಲು ‘ದಯತ’ ಆಯಿತು, ಕೆಲವೊಮ್ಮೆ ‘ದಯತಸ’. ಗುಪ್ತಲಿಪಿಯ ಪುಸ್ತಕ ತೆರೆದರೆ ಈ ಎರಡೂ ಉಪಾಯಗಳು ಅಲ್ಲಿವೆ. ಮಾವನವರು ತೆರೆದವರಲ್ಲ. (ಘಟ್ಟದ ಮೇಲಿನ ದನದ ಜಾತ್ರೆಗಳಲ್ಲಿ ಟವೆಲ್ಲಿನಡಿ ಬೆರಳು ಹಿಡಿದು ದರ ಹೇಳುವುದೂ ಇದೇ ಜಾತಿಯ ಜಾಣತನ. ನಮ್ಮ ಕರಾವಳಿಯ ಮೀನಿನ ಹರಾಜಿನವರಿಗೆ ಮಾತ್ರ ಗುಟ್ಟಿನ ಗೊಡವೆಯೇ ಇಲ್ಲ, ಎಲ್ಲ ಕೂಗಿಯೇ.)

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಗ್ರೀಕ್ ಇತಿಹಾಸಕಾರ ಪಾಲಿಬಿಯಸ್‌ನ ಹೆಸರಿನಲ್ಲಿ ಐದು ಸಾಲು, ಐದು ಕಂಬಗಳ ಒಂದು ಚೌಕವಿದೆ. ಪ್ರತಿ ಅಕ್ಷರಕ್ಕೂ ಅದು ಕುಳಿತ ಸಾಲು ಮತ್ತು ಕಂಬದ ಅಂಕಿ. ಇಂಗ್ಲಿಷಿನಲ್ಲಿ 26 ಅಕ್ಷರಗಳಿರುವುದರಿಂದ ಐ ಮತ್ತು ಜೆ ಎರಡನ್ನೂ ಒಂದೇ ಮನೆಯಲ್ಲಿ ತುರುಕುತ್ತಾರೆ. ನಮ್ಮ ಕ ದಿಂದ ಮ ವರೆಗಿನ ವರ್ಗಾಕ್ಷರಗಳು ಸರಿಯಾಗಿ 25, ಒಂದನೆಯ ತರಗತಿಯ ಗೋಡೆಯ ಮೇಲೆ ಅವು ಐದೈದರಂತೆಯೇ ನಿಂತಿರುತ್ತವೆ. ಕ ಎಂದರೆ 11, ತ ಎಂದರೆ 41, ಮ ಎಂದರೆ 55. ಯ ದಿಂದ ಳ ವರೆಗಿನ ಒಂಬತ್ತನ್ನು ಆರನೆಯ ಸಾಲಿಗೆ ಹಾಕಿ. ಸ್ವರಕ್ಕೆ ಕಾಗುಣಿತದ ಸ್ಥಾನವನ್ನು ಪಕ್ಕದಲ್ಲಿ ಬರೆಯಿರಿ: ಕ 1, ಕಾ 2, ಕಿ 3, ಕೀ 4, ಕು 5. ‘ಮೀನು’ ಎಂಬುದು 55-4, 45-5. ಒತ್ತಕ್ಷರ ಬಂದರೆ ಮೊದಲ ವ್ಯಂಜನಕ್ಕೆ ಸ್ವರವಿಲ್ಲ, ಅಲ್ಲಿ ಸೊನ್ನೆ ಹಾಕಿ. ‘ಹಳ್ಳಿ’ 68-1, 69-0, 69-3 ಆಗುತ್ತದೆ. ‘ಹಲ್ಲಿ’ 68-1, 63-0, 63-3. ಹಲ್ಲಿಯೂ ಹಳ್ಳಿಯೂ ತಂತಮ್ಮ ಜಾಗದಲ್ಲಿ ಉಳಿಯುತ್ತವೆ.

ಅಂಕಿಗಳು ಬೇಸರವೆನಿಸಿದರೆ ಅಕ್ಷರಗಳನ್ನೇ ಅದಲುಬದಲು ಮಾಡಬಹುದು. ರೋಮಿನ ಸೀಸರ್ ಪ್ರತಿ ಅಕ್ಷರಕ್ಕೂ ಮೂರು ಮನೆ ಮುಂದಿನದನ್ನು ಬರೆಯುತ್ತಿದ್ದನೆಂದು ಎಲ್ಲ ಮಕ್ಕಳ ಪುಟಗಳೂ ಹೇಳುತ್ತವೆ. ಕನ್ನಡದಲ್ಲಿ ಹಾಗೆ ಸರಿಸಿದರೆ ನಗೆಪಾಟಲು. ಒಂದೇ ಮನೆ ಸರಿಸಿ ನೋಡಿ: ಕಡಲು ‘ಖಢವು’ ಆಗುತ್ತದೆ, ಗದಗ ‘ಘಧಘ’ ಆಗುತ್ತದೆ. ಕನ್ನಡದ ದಿನದ ಮಾತಿನಲ್ಲಿ ಮಹಾಪ್ರಾಣಗಳು ವಿರಳ. ಅವು ದಂಡುಗಟ್ಟಿ ಬಂದ ಕೂಡಲೇ ಸರಿಸಿದವರ ಬಣ್ಣ ಬಯಲು. ನಮ್ಮವರಿಗೆ ಇದು ತಿಳಿದಿತ್ತೆಂದು ಕಾಣುತ್ತದೆ. ಕಾಮಸೂತ್ರದ 64 ಕಲೆಗಳ ಪಟ್ಟಿಯಲ್ಲಿ ‘ಮ್ಲೇಚ್ಛಿತವಿಕಲ್ಪ’ ಎಂಬ ಗುಪ್ತಲಿಪಿಯ ಕಲೆಯೂ ಇದೆ (ಗ್ರಂಥದ ಹೆಸರು ಕೇಳಿ ಮಕ್ಕಳ ಪುಟದವರು ಬೆಚ್ಚಬೇಕಾಗಿಲ್ಲ, ಅದೇ ಪಟ್ಟಿಯಲ್ಲಿ ಹಾಡು, ನೃತ್ಯ, ಚಿತ್ರಕಲೆಯೂ ಇವೆ). ವ್ಯಾಖ್ಯಾನಕಾರ ಯಶೋಧರ ವಿವರಿಸುವ ‘ಮೂಲದೇವೀಯ’ ಎಂಬ ಪದ್ಧತಿಯಲ್ಲಿ ಅಕ್ಷರಗಳು ಜೋಡಿಯಾಗಿ ಸ್ಥಳ ಬದಲಿಸುತ್ತವೆ. ಚ-ಟ, ತ-ಪ, ನ-ಮ, ಯ-ಶ, ರ-ಷ, ಲ-ಸ ಅವುಗಳಲ್ಲಿ ಕೆಲವು. ಈ ಜೋಡಿಗಳಲ್ಲಿ ಅಲ್ಪಪ್ರಾಣದ ಜಾಗಕ್ಕೆ ಮಹಾಪ್ರಾಣ ಬಂದು ಕೂರುವುದಿಲ್ಲ. ಮನೆ ‘ನಮೆ’ ಆಗುತ್ತದೆ, ತಾಯಿ ‘ಪಾಶಿ’, ಮೀನು ‘ನೀಮು’. ಬಾಯಲ್ಲಿ ಹೇಳಿದರೂ ಯಾವುದೋ ಪಕ್ಕದೂರಿನ ಭಾಷೆಯಂತೆ ಕೇಳುತ್ತದೆ. ಬರೆಯಲು ಬಿಚ್ಚಲು ಒಂದೇ ಪಟ್ಟಿ.

ಸಂಖ್ಯೆಯನ್ನು ಮಾತಿನಲ್ಲಿ ಅಡಗಿಸಲು ಕಟಪಯಾದಿ ಎಂಬ ಹಳೆಯ ಪದ್ಧತಿ ಇದೆ. ಕ, ಟ, ಪ, ಯ ನಾಲ್ಕೂ ಒಂದು. ಖ, ಠ, ಫ, ರ ಎರಡು, ಹೀಗೆ ಕ್ರಮವಾಗಿ ಎಣಿಸುತ್ತ ಹೋಗಬೇಕು. ಞ, ನ ಮತ್ತು ಒಂಟಿ ಸ್ವರಗಳು ಸೊನ್ನೆ. ಒತ್ತಕ್ಷರದಲ್ಲಿ ಕೊನೆಯ ವ್ಯಂಜನಕ್ಕಷ್ಟೇ ಬೆಲೆ. ಬಂದ ಅಂಕಿಗಳನ್ನು ಹಿಂದಿನಿಂದ ಓದಬೇಕು. ಕರ್ನಾಟಕ ಸಂಗೀತದ ಮೇಳಕರ್ತ ರಾಗಗಳ ಕ್ರಮಸಂಖ್ಯೆ ಹೀಗೆಯೇ ಹೆಸರಿನ ಮೊದಲೆರಡು ಅಕ್ಷರಗಳಲ್ಲಿ ಕುಳಿತಿದೆ: ಮಾಯಾಮಾಳವಗೌಳ 15, ಮೇಚಕಲ್ಯಾಣಿ 65. ಹಿಂದೂಸ್ತಾನಿಯೇ ಹೆಚ್ಚು ಕೇಳುವ ನಮ್ಮ ಜಿಲ್ಲೆಯಲ್ಲಿ ಈ ಉದಾಹರಣೆ ಅಷ್ಟು ನಾಟದು. ಹಾಗಾಗಿ ಮೊಮ್ಮಗಳಿಗೆ ಬಸ್ಸಿನ ಬೋರ್ಡುಗಳನ್ನು ಕೊಟ್ಟೆ. ಶಿರಸಿ 725, ಗೋಕರ್ಣ 513, ಭಟ್ಕಳ 914, ಹೊನ್ನಾವರ 2408, ಕಾರವಾರ 2421. ನಮ್ಮ ಕುಮಟಾ 151, ಹಿಂದೆ ಮುಂದೆ ಎತ್ತ ಓದಿದರೂ ಅದೇ. ಕೇರಳದ ಮೇಲ್ಪತ್ತೂರು ನಾರಾಯಣ ಭಟ್ಟತಿರಿ ತಮ್ಮ ‘ನಾರಾಯಣೀಯಂ’ ಕಾವ್ಯವನ್ನು ‘ಆಯುರಾರೋಗ್ಯಸೌಖ್ಯಂ’ ಎಂದು ಮುಗಿಸಿದ್ದಾರೆ. ಅದು ಹರಕೆಯೂ ಹೌದು, ಕಾವ್ಯ ಮುಗಿದ ಕಲಿದಿನದ, ಅಂದರೆ ಕಲಿಯುಗದ ಆರಂಭದಿಂದ ಎಣಿಸಿದ ದಿನದ, ಸಂಖ್ಯೆಯೂ ಹೌದು: 1712210. ಮಕ್ಕಳು ತಾವೇ ಕೂಡಿಸಿ ನೋಡಲಿ.

ಇನ್ನೊಂದು ಬಗೆ, ಅಕ್ಷರಗಳನ್ನು ಹಾಗೆಯೇ ಇಟ್ಟು ಸ್ಥಾನ ಕದಲಿಸುವುದು. ‘ಸಂಜೆ ಕಡಲ ದಂಡೆಗೆ ಬಾ’ ಎಂಬುದರಲ್ಲಿ ಒಂಬತ್ತು ಅಕ್ಷರಗಳಿವೆ. ಮೂರು ಮೂರರಂತೆ ಮೂರು ಸಾಲು ಬರೆದು ಮೇಲಿನಿಂದ ಕೆಳಕ್ಕೆ ಓದಿದರೆ ‘ಸಂಡಡೆ ಜೆಲಗೆ ಕದಂಬಾ’. ಕೊನೆಯಲ್ಲಿ ಬನವಾಸಿಯ ಅರಸರು ತಾವಾಗಿಯೇ ಬಂದು ಕುಳಿತಿದ್ದಾರೆ, ನಾನು ಕರೆದವಳಲ್ಲ. ಈ ಉಪಾಯದ ದೊಡ್ಡ ರೂಪ ನೋಡಬೇಕೆಂದರೆ ಕುಮುದೇಂದು ಮುನಿಯ ಸಿರಿಭೂವಲಯವೆಂಬ ಅಂಕಿಗಳ ಕಾವ್ಯವಿದೆ. 27 ಸಾಲು, 27 ಕಂಬ, ಒಂದು ಚಕ್ರಕ್ಕೆ 729 ಮನೆ, ಮನೆಗಳ ತುಂಬ ಒಂದೊಂದು ಅಕ್ಷರಕ್ಕೆ ನಿಂತ 1ರಿಂದ 64ರವರೆಗಿನ ಅಂಕಿಗಳು, ಅವನ್ನು ಓದುವ ದಾರಿಗಳಿಗೆ ಬಂಧಗಳೆಂದು ಹೆಸರು. ಅದರ ಕಾಲದ ಬಗ್ಗೆ, ಅದರೊಳಗೆ ಏನೇನಿದೆ ಎಂಬುದರ ಬಗ್ಗೆ ಪಂಡಿತರ ಜಗಳ ಮುಗಿದಿಲ್ಲ, ಮಕ್ಕಳನ್ನು ಅದಕ್ಕೆ ಎಳೆಯಬೇಡಿ. ಚೌಕವನ್ನಷ್ಟೇ ತೋರಿಸಿ.

ಇನ್ನೊಂದು ಆಕ್ಷೇಪ. ಆಟದ ತಲೆಬರಹದಡಿ ‘ಯಾರೂ ಬಿಡಿಸಲಾಗದ ಸಂಕೇತ ನೀವೂ ರಚಿಸಿ’ ಎಂದು ಹಾಕುತ್ತೀರಿ. ಇದು ಸುಳ್ಳು. ಒಂಬತ್ತನೆಯ ಶತಮಾನದಲ್ಲೇ ಬಾಗ್ದಾದಿನ ಅಲ್-ಕಿಂದಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿ ಇಂಥ ಲಿಪಿಗಳನ್ನು ಒಡೆಯುವ ಬಗೆಯನ್ನು ಬರೆದಿಟ್ಟ. ಕನ್ನಡದಲ್ಲಂತೂ ಎಣಿಸುವ ಮೊದಲೇ ವಿಭಕ್ತಿ ಪ್ರತ್ಯಯಗಳು ಗುಟ್ಟು ಬಿಡುತ್ತವೆ. ಮೂಲದೇವೀಯದಲ್ಲಿ ‘ಮನೆಯಲ್ಲಿ’ ಎಂಬುದು ‘ನಮೆಶಸ್ಸಿ’, ‘ಮೀನನ್ನು’ ಎಂಬುದು ‘ನೀಮಮ್ಮು’. ಒಂದು ಪುಟ ಬರೆದರೆ ಮಾತುಮಾತಿನ ತುದಿಯಲ್ಲೂ ‘ಸ್ಸಿ’, ‘ಮ್ಮು’ ಕಾಣಿಸುತ್ತವೆ. ಇವು ‘ಲ್ಲಿ’, ‘ನ್ನು’ ಇರಬಹುದೆಂದು ವ್ಯಾಕರಣ ಓದಿದ ಏಳನೆಯ ತರಗತಿಯ ಹುಡುಗನಿಗೂ ಹೊಳೆಯುತ್ತದೆ. ಎರಡು ಎಳೆ ಸಿಕ್ಕರೆ ಉಳಿದದ್ದು ಒಂದು ಮಧ್ಯಾಹ್ನದ ಕೆಲಸ. ವಿಭಕ್ತಿಗಳನ್ನು ಕಲಿಸಲು ಇದಕ್ಕಿಂತ ರುಚಿಯಾದ ಪಾಠವನ್ನು ನಾನು ಕಂಡಿಲ್ಲ. ಆದ್ದರಿಂದ ಸಂದೇಶ ಅಡಗಿಸುವುದರ ಜೊತೆಗೆ ಒಡೆಯುವುದನ್ನೂ ಹೇಳಿಕೊಡಿ.

ಆಟವನ್ನು ಆಟವೆಂದೇ ಹೇಳುವುದೂ ಅಗತ್ಯ. ದೊಡ್ಡವರೇ ಎಟಿಎಂ ಸಂಖ್ಯೆಯನ್ನು ತಿರುಗಿಸಿ ಬರೆದು ಡೈರಿಯಲ್ಲಿಟ್ಟು ನಿಶ್ಚಿಂತರಾಗಿರುತ್ತಾರೆ. 1883ರಲ್ಲೇ ಕೆರ್ಕ್‌ಹಾಫ್ಸ್ ಎಂಬ ವಿದ್ವಾಂಸ, ಪದ್ಧತಿ ಶತ್ರುವಿನ ಕೈಗೆ ಸಿಕ್ಕರೂ ಕೆಡುಕಾಗಬಾರದು, ಗುಟ್ಟು ಕೀಲಿಯಲ್ಲಿರಬೇಕು ಎಂದು ಬರೆದಿದ್ದ. ನಮ್ಮ ಅಂಗಡಿಯ ಪದ್ಧತಿ ಎಲ್ಲ ಜವಳಿಯವರಿಗೂ ಗೊತ್ತಿದ್ದದ್ದೇ. ಗೊತ್ತಿಲ್ಲದಿದ್ದದ್ದು ಕಪ್ಪೆಯ ಮಾತು ಮಾತ್ರ.

ಮುಂದಿನ ಭಾನುವಾರದಿಂದ ಆಟವನ್ನು ಕನ್ನಡದ ಅಕ್ಷರಗಳಲ್ಲೇ ಕೊಡಿ. ಪದ್ಧತಿ ಯಾವುದೆಂದು ಮೊದಲೇ ಹೇಳಿ, ಕೀಲಿಯನ್ನು ಮಾತ್ರ ಮುಚ್ಚಿಡಿ. ಉತ್ತರವನ್ನು ಅದೇ ಪುಟದ ಅಡಿಯಲ್ಲಿ ತಲೆಕೆಳಗಾಗಿ ಅಚ್ಚು ಮಾಡಬೇಡಿ. ಮಕ್ಕಳು ಮೊದಲು ಪುಟವನ್ನೇ ತಿರುಗಿಸುತ್ತಾರೆ. ಒಂದು ವಾರ ಕಾಯಿಸಿ, ಉತ್ತರದ ಜೊತೆ ಅದನ್ನು ಒಡೆದ ಮಗುವಿನ ಲೆಕ್ಕವನ್ನೂ ಹಾಕಿ.

ಇಂತಿ,
ಜವಳಿ ಅಂಗಡಿಯ ಅಜ್ಜಿ, ಕುಮಟಾ