ಎರಡು ವರ್ಷವೋ, ಎಪ್ಪತ್ತು ವರ್ಷವೋ: ಮಗಳಿಗೊಂದು ಪತ್ರ

ಪ್ರೀತಿಯ ಮಗಳಿಗೆ,

ಕರ್ತನ ಹೆಸರಿನಲ್ಲಿ ವಂದನೆ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನೀನು ಕಳಿಸಿದ ವಾಯ್ಸ್ ಮೆಸೇಜು ಪೂರ್ತಿ ಕೇಳಿದೆ. ಫೋನಿನಲ್ಲೇ ಉತ್ತರ ಹೇಳಬಹುದಿತ್ತು. ಆದರೆ ಇದು ಬೈಬಲ್ ಮುಂದಿಟ್ಟುಕೊಂಡು ನಿಧಾನವಾಗಿ ನೋಡಬೇಕಾದ ವಿಷಯ. ಅದಕ್ಕೇ ಬರೆಯುತ್ತಿದ್ದೇನೆ.

ಬೋಧಕರ ಮಾತನ್ನು ಅನುಮಾನಿಸಿದ್ದು ಪಾಪವಾ ಅಂತ ಕೇಳಿದ್ದೆಯಲ್ಲ, ಮೊದಲು ಅದಕ್ಕೆ ನೇರ ಉತ್ತರ. ಇಲ್ಲ, ನೀನು ಪಾಪ ಮಾಡಿಲ್ಲ. ಪ್ರಾರ್ಥನಾ ಗುಂಪಿಗೆ ಬಂದ ಬೋಧಕರು ನಿನ್ನ ತಲೆಯ ಮೇಲೆ ಕೈಯಿಟ್ಟು, ‘ಎರಡು ತಿಂಗಳಲ್ಲಿ ವಿದೇಶದ ಬಾಗಿಲು ತೆರೆಯುತ್ತದೆ, ನಂಬಿಕೆಯ ಬೀಜವಾಗಿ ಒಂದು ತಿಂಗಳ ಸಂಬಳ ಬಿತ್ತು’ ಅಂದರು. ಅದು ನಿಜವಾಗಿ ದೇವರ ಮಾತೋ ಅಲ್ಲವೋ ಅಂತ ನಿನ್ನ ಮನಸ್ಸು ಕೇಳಿತು. ಅದನ್ನು ಅವಿಶ್ವಾಸ ಅಂತ ಯಾರೂ ಹೇಳುವ ಹಾಗಿಲ್ಲ. ಹಾಗೆ ಕೇಳಿ ನೋಡು ಅಂತ ಬೈಬಲ್ಲೇ ಹೇಳಿದೆ.

ಪೌಲನು ಥೆಸಲೊನೀಕದವರಿಗೆ ಬರೆದ ಮೊದಲ ಪತ್ರದ ಕೊನೆ ಅಧ್ಯಾಯ ತೆಗೆ. ಹೊಸ ಒಡಂಬಡಿಕೆಯ ತುಂಬ ಹಳೆಯ ಪತ್ರಗಳಲ್ಲಿ ಅದೊಂದು, ಕ್ರಿ.ಶ. 50ರ ಸುಮಾರಿನದು. ಅಲ್ಲಿನ ಸಭೆ ಆಗಿನ್ನೂ ಎಳೆಯದು. ನಂಬಿ ಹೆಚ್ಚು ಕಾಲ ಆಗದ ಜನ ಅವರು. ಅಂಥವರಿಗೆ ಪೌಲನು ‘ಸುಮ್ನೆ ದೊಡ್ಡವರು ಹೇಳಿದ್ದನ್ನು ಕೇಳಿ’ ಅನ್ನಲಿಲ್ಲ. ‘ಎಲ್ಲವನ್ನೂ ಪರಿಶೋಧಿಸಿ ಒಳ್ಳೇದನ್ನೇ ಭದ್ರವಾಗಿ ಹಿಡಿದುಕೊಳ್ಳಿರಿ’ ಅಂದ. ಅದಕ್ಕೆ ಮುಂಚಿನ ಮಾತನ್ನೂ ಗಮನಿಸು. ಪವಿತ್ರಾತ್ಮನನ್ನು ನಂದಿಸಬೇಡಿ, ಪ್ರವಾದನೆಗಳನ್ನು ಹೀನೈಸಬೇಡಿ ಅಂತಲೂ ಇದೆ. ಅಂದರೆ ‘ಪ್ರವಾದನೆ’ ಅಂದ ಕೂಡಲೇ ನಗುವುದೂ ತಪ್ಪು, ಕೂಡಲೇ ಪರ್ಸ್ ತೆಗೆಯುವುದೂ ತಪ್ಪು. ನೀನು ಲೆಕ್ಕಪತ್ರದ ಕೆಲಸದವಳು. ನಿನ್ನ ಮೇಜಿಗೆ ಬಂದ ಬಿಲ್ಲನ್ನು ನೋಡದೆ ಪಾಸ್ ಮಾಡುತ್ತೀಯಾ? ನೋಡಿದರೆ, ತಂದವರನ್ನು ಕಳ್ಳ ಅಂದ ಹಾಗಾಯಿತಾ? ಇಲ್ಲ ಅಲ್ವಾ?

ಈಗ ಆ ಕಾರ್ಡಿನ ವಿಷಯ. ಹೊಸ ವರ್ಷದ ರಾತ್ರಿ ಆರಾಧನೆಯಲ್ಲಿ ನಿನಗೆ ಬಂದ ವಾಗ್ದಾನದ ಕಾರ್ಡು, ಯೆರೆಮೀಯ 29:11. ಬೋಧಕರು ಅದನ್ನೇ ಹಿಡಿದು ‘ಈ ವಚನ ನಿನ್ನದು, ಈ ವರ್ಷವೇ ನೆರವೇರುತ್ತದೆ’ ಅಂದರಂತೆ. ವಚನ ಒಳ್ಳೆಯದೇ. ಅಹಿತದ ಯೋಚನೆಗಳಲ್ಲ, ಹಿತದ ಯೋಚನೆಗಳೇ ಅಂತ ದೇವರು ಹೇಳುವ ಮಾತು. ನನಗೂ ಅದು ಬಾಯಿಪಾಠ. ಆದರೆ ಕಾರ್ಡಿನಲ್ಲಿ ಇರುವುದು ಒಂದೇ ವಚನ. ಹತ್ತನೆಯ ವಚನ ಕಾರ್ಡಿನಲ್ಲಿ ಇಲ್ಲ. ಅದರಲ್ಲಿ ಏನಿದೆ ಗೊತ್ತಾ? ಬಾಬೆಲಿನಲ್ಲಿ ಎಪ್ಪತ್ತು ವರ್ಷ ಮುಗಿದ ಮೇಲೆ ನಿಮ್ಮನ್ನು ವಾಪಸು ಕರೆದುಕೊಂಡು ಬರುತ್ತೇನೆ ಅಂತ.

ಆ ಅಧ್ಯಾಯ ಒಂದು ಪತ್ರ. ಪ್ರವಾದಿ ಯೆರೆಮೀಯನು ಯೆರೂಸಲೇಮಿನಿಂದ ಬರೆದದ್ದು. ಬಾಬೆಲಿನ ಅರಸ ನೆಬೂಕದ್ನೆಚ್ಚರನು ಸೆರೆಹಿಡಿದು ತನ್ನ ದೇಶಕ್ಕೆ ಒಯ್ದಿದ್ದ ಜನರಿಗೆ. ಮನೆ ಕಟ್ಟಿಕೊಳ್ಳಿ, ತೋಟ ಹಾಕಿ ಅದರ ಫಲ ಉಣ್ಣಿ, ಮಕ್ಕಳಿಗೆ ಮದುವೆ ಮಾಡಿ, ನೀವು ಇರುವ ಪಟ್ಟಣದ ಒಳಿತಿಗಾಗಿ ಪ್ರಾರ್ಥಿಸಿ ಅಂತ ಬರೆಯುತ್ತಾನೆ. ಬೇಗ ಊರಿಗೆ ಹೋಗುತ್ತೇವೆ ಅಂತ ಗಂಟು ಕಟ್ಟಿಕೊಂಡು ಕೂತಿದ್ದವರಿಗೆ ಇದು ಕಹಿಯಾಗಿ ಕೇಳಿಸಿರಬೇಕು. ಆ ಪತ್ರ ಓದಿಸಿ ಕೇಳಿದವರಲ್ಲಿ ಹೆಚ್ಚಿನವರು ಬಾಬೆಲಿನಲ್ಲೇ ಮಣ್ಣಾದರು. ಪಾರಸಿಯ ಕೋರೆಷ ರಾಜನು ಕ್ರಿ.ಪೂ. 538ರ ಹೊತ್ತಿಗೆ ಅಪ್ಪಣೆ ಕೊಟ್ಟಾಗ ಹೊರಟು ಬಂದವರಲ್ಲಿ ಅವರ ಮಕ್ಕಳು ಮೊಮ್ಮಕ್ಕಳೇ ಜಾಸ್ತಿ. ಆದರೂ ಆ ಹಿತದ ಯೋಚನೆ ಸುಳ್ಳಾಗಲಿಲ್ಲ.

ಇನ್ನೂ ಎರಡು ವಚನ ಮೇಲಕ್ಕೆ ಹೋಗು. ಎಂಟು, ಒಂಬತ್ತು. ನಿಮ್ಮ ಮಧ್ಯದಲ್ಲಿರುವ ಪ್ರವಾದಿಗಳಿಗೆ ಮೋಸಹೋಗಬೇಡಿ, ಅವರು ನನ್ನ ಹೆಸರೆತ್ತಿ ಸುಳ್ಳು ಹೇಳುತ್ತಾರೆ, ನಾನು ಅವರನ್ನು ಕಳಿಸಿಲ್ಲ ಅಂತ ಇದೆ. ನಿನಗೆ ತೋರಿಸಿದ ವಚನದಿಂದ ಸ್ವಲ್ಪವೇ ಮೇಲೆ ಈ ಎಚ್ಚರಿಕೆ!

ಈ ಎಚ್ಚರಿಕೆ ಯಾಕೆ ಬೇಕಾಯಿತು ಅಂತ ತಿಳಿಯಲು 28ನೆಯ ಅಧ್ಯಾಯ ಓದಲೇಬೇಕು. ನಾನು ಸಂಡೇ ಸ್ಕೂಲಿನ ದೊಡ್ಡ ಮಕ್ಕಳಿಗೆ ಇದನ್ನು ತಪ್ಪದೆ ಕಲಿಸುತ್ತೇನೆ. ಯೆಹೂದದ ಚಿದ್ಕೀಯ ರಾಜನ ನಾಲ್ಕನೆಯ ವರ್ಷ, ಐದನೆಯ ತಿಂಗಳು. ಯೆರೆಮೀಯನು ಕುತ್ತಿಗೆಗೆ ಮರದ ನೊಗ ಹೊತ್ತು ಓಡಾಡುತ್ತಿದ್ದ, ಬಾಬೆಲಿನ ಅರಸನಿಗೆ ತಲೆಬಾಗಬೇಕು ಅನ್ನುವುದಕ್ಕೆ ಗುರುತಾಗಿ. ಆಗ ಗಿಬ್ಯೋನಿನ ಹನನ್ಯ ಎಂಬ ಪ್ರವಾದಿ ಬಂದ. ದೇವಾಲಯದಲ್ಲಿ, ಯಾಜಕರ ಮುಂದೆ, ಎಲ್ಲ ಜನರ ಮುಂದೆ ಘೋಷಿಸಿದ: ಎರಡು ವರ್ಷದೊಳಗೆ ದೇವಾಲಯದ ಪಾತ್ರೆಗಳೂ ಸೆರೆಹೋದ ಜನರೂ ವಾಪಸು ಬರುತ್ತಾರೆ, ಯೆಹೋವನು ಹೇಳಿದ್ದಾನೆ. ನೋಡು, ಅವನೂ ಬಾಳನೆಂಬ ಅನ್ಯದೇವರ ಹೆಸರು ಹೇಳಲಿಲ್ಲ. ಯೆಹೋವನ ಹೆಸರನ್ನೇ ಹೇಳಿದ.

ಯೆರೆಮೀಯ ಏನಂದ ಗೊತ್ತಾ? ‘ಆಮೆನ್, ಯೆಹೋವನು ಹಾಗೆಯೇ ಮಾಡಲಿ’ ಅಂದ! ಈ ಮಾತು ಓದಿದಾಗಲೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ. ತನ್ನ ಜನ ಬೇಗ ಮರಳಿ ಬರಲಿ ಅಂತ ಅವನಿಗೂ ಆಸೆ ಇತ್ತು. ಹನನ್ಯನ ಮಾತೇ ನಿಜವಾಗಲಿ ಅಂತ ಅವನಿಗೂ ಅನ್ನಿಸಿತ್ತು. ಆದರೆ ನಮಗೆ ಬೇಕು ಅನ್ನಿಸಿದ್ದೆಲ್ಲ ದೇವರ ಮಾತಾಗುವುದಿಲ್ಲ. ಹನನ್ಯ ಆ ನೊಗವನ್ನು ಯೆರೆಮೀಯನ ಕುತ್ತಿಗೆಯಿಂದ ಕಿತ್ತು ಜನರೆದುರೇ ಮುರಿದ. ಜನ ಚಪ್ಪಾಳೆ ತಟ್ಟಿದರೋ ಏನೋ, ಅದು ಬರೆದಿಲ್ಲ. ಯೆರೆಮೀಯ ಜಗಳಕ್ಕೆ ನಿಲ್ಲದೆ ತನ್ನ ದಾರಿ ಹಿಡಿದು ಹೋದ ಅಂತ ಮಾತ್ರ ಇದೆ. ಆಮೇಲೆ ದೇವರ ಮಾತು ಬಂತು, ಮರದ ನೊಗದ ಬದಲು ಈಗ ಕಬ್ಬಿಣದ ನೊಗ ಅಂತ. ಹನನ್ಯ ಅದೇ ವರ್ಷ ಏಳನೆಯ ತಿಂಗಳಲ್ಲಿ ಸತ್ತ. ಎರಡು ವರ್ಷವಾದರೂ ಯಾರೂ ಮರಳಲಿಲ್ಲ. ಕೆಲವೇ ವರ್ಷಗಳಲ್ಲಿ, ಕ್ರಿ.ಪೂ. 586ರ ಸುಮಾರಿಗೆ, ಯೆರೂಸಲೇಮೇ ಸುಟ್ಟುಹೋಯಿತು.

ಎರಡು ವರ್ಷ ಅಂದವನು ಹನನ್ಯ. ಎಪ್ಪತ್ತು ವರ್ಷ ಅಂದವನು ಯೆರೆಮೀಯ. ನಿನ್ನ ಕಾರ್ಡಿನಲ್ಲಿ ಯೆರೆಮೀಯನ ವಚನ ಇದೆ, ಅದಕ್ಕೆ ಕೊಟ್ಟ ಅರ್ಥ ಹನನ್ಯನದು. ಇದೇ ನನಗೆ ಜಾಸ್ತಿ ಕಳವಳ ತಂದದ್ದು.

ವಚನ ನಿಜವಾದದ್ದೇ, ಅಂದಮೇಲೆ ಹೇಳಿದ್ದೂ ಸರಿಯೇ ಇರಬೇಕು ಅಂತ ನಿನಗೆ ಅನ್ನಿಸಬಹುದು. ಮತ್ತಾಯ 4 ನೆನಪಿದೆಯಲ್ಲ. ದೇವಾಲಯದ ತುದಿಯ ಮೇಲೆ ಸೈತಾನನು ಯೇಸುವಿಗೆ ಹೇಳಿದ್ದು 91ನೆಯ ಕೀರ್ತನೆ. ಶಾಸ್ತ್ರದ ಮಾತೇ. ಯೇಸು ಅದನ್ನು ಸುಳ್ಳು ಅನ್ನಲಿಲ್ಲ. ‘ನಿನ್ನ ದೇವರನ್ನು ಪರೀಕ್ಷಿಸಬಾರದು ಎಂದೂ ಬರೆದಿದೆ’ ಅಂತ ಧರ್ಮೋಪದೇಶಕಾಂಡದ ಮಾತು ಎತ್ತಿದ. ಒಂದು ವಚನವನ್ನು ಇನ್ನೊಂದರ ಪಕ್ಕದಲ್ಲಿಟ್ಟು ನೋಡುವುದನ್ನು ಕರ್ತನೇ ಕಲಿಸಿಕೊಟ್ಟ.

ನಿಮ್ಮಜ್ಜ ಇದನ್ನು ತುಂಬ ಸರಳವಾಗಿ ಮಾಡುತ್ತಿದ್ದರು. ಚರ್ಚಿನಲ್ಲಿ ಯಾರಾದರೂ ವಚನ ಹೇಳಿದರೆ ಅದರ ಪಕ್ಕ ಪೆನ್ಸಿಲಿನಿಂದ ಸಣ್ಣ ಗೆರೆ ಹಾಕುತ್ತಿದ್ದರು. ಮನೆಗೆ ಬಂದು, ಊಟ ಆದಮೇಲೆ, ಕನ್ನಡಕ ಹಾಕಿಕೊಂಡು ಆ ಗೆರೆಯ ಮೇಲಿನ ಅಧ್ಯಾಯ, ಕೆಳಗಿನ ಅಧ್ಯಾಯ ಎರಡನ್ನೂ ಗಟ್ಟಿಯಾಗಿ ಓದುತ್ತಿದ್ದರು. ಯಾರು ಯಾರಿಗೆ ಹೇಳಿದ್ದು, ಯಾವಾಗ, ಯಾಕೆ ಅಂತ ನಮ್ಮನ್ನು ಕೇಳುತ್ತಿದ್ದರು. ಗ್ರೀಕು ಇಬ್ರಿಯ ಏನೂ ಗೊತ್ತಿರಲಿಲ್ಲ ಅವರಿಗೆ. ಕನ್ನಡ ಸತ್ಯವೇದವೊಂದೇ. ನಮ್ಮ ಪುಣ್ಯ, ಬಳ್ಳಾರಿಯಲ್ಲಿ ಕೂತು ಜಾನ್ ಹ್ಯಾಂಡ್ಸ್ ಮತ್ತು ಜೊತೆಯವರು ದುಡಿದದ್ದರಿಂದ 1831ರ ಹೊತ್ತಿಗೇ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. ಬೋಧಕರು ಓದುವ ಪುಸ್ತಕವೇ ನಮ್ಮ ಕೈಯಲ್ಲೂ ಇದೆ. ಇಟ್ಟುಕೊಂಡೂ ತೆರೆದು ನೋಡದಿದ್ದರೆ ಹೇಗೆ?

ಬೆರೋಯದವರು ಮಾಡಿದ್ದೂ ಇದನ್ನೇ. ಅಪೊಸ್ತಲರ ಕೃತ್ಯಗಳು 17. ಪೌಲ ಸೀಲರು ಥೆಸಲೊನೀಕದ ಗಲಭೆ ತಪ್ಪಿಸಿಕೊಂಡು ರಾತ್ರಿ ಹೊರಟು ಅಲ್ಲಿಗೆ ಬಂದಿದ್ದರು. ಉತ್ತರ ಗ್ರೀಸಿನಲ್ಲಿ ಆ ಊರು ಈಗಲೂ ಇದೆ. ಅವರು ಮಾತನ್ನು ಸಿದ್ಧಮನಸ್ಸಿನಿಂದ ಕೇಳಿದರು, ಮತ್ತೆ ಅದು ಹೌದೋ ಅಂತ ಪ್ರತಿದಿನ ಶಾಸ್ತ್ರಗಳನ್ನು ತೆಗೆದು ನೋಡಿದರು. ಅಪೊಸ್ತಲ ಪೌಲನ ಮಾತನ್ನೇ! ಅದಕ್ಕೆ ಆ ಪುಸ್ತಕ ಬರೆದ ಲೂಕನು ಅವರನ್ನು ಹೊಗಳುತ್ತಾನೆ. ಪೌಲ ಬೇಸರಪಟ್ಟ ಅಂತ ಎಲ್ಲೂ ಬರೆದಿಲ್ಲ. ಗಲಾತ್ಯದವರಿಗಂತೂ, ನಾವೇ ಬಂದು ಬೇರೆ ಸುವಾರ್ತೆ ಹೇಳಿದರೂ ಒಪ್ಪಬೇಡಿ, ಪರಲೋಕದಿಂದ ದೂತನೇ ಬಂದು ಹೇಳಿದರೂ ಒಪ್ಪಬೇಡಿ ಅಂತ ಬರೆದ.

‘ಅಭಿಷಿಕ್ತರನ್ನು ಮುಟ್ಟಬೇಡ’ ಅಂತ ನಿನ್ನನ್ನು ಹೆದರಿಸಿದರಂತಲ್ಲ. ಅದು 105ನೆಯ ಕೀರ್ತನೆ. ಅಲ್ಲಿ ಮಾತು ಅಬ್ರಹಾಮ, ಇಸಾಕ, ಯಾಕೋಬರದ್ದು. ನೆಲೆಯಿಲ್ಲದೆ ದೇಶ ದೇಶ ತಿರುಗುತ್ತಿದ್ದ ಅವರಿಗೆ ಕೇಡು ಮಾಡಬೇಡಿ ಅಂತ ದೇವರು ಅರಸರನ್ನು ಗದರಿಸಿದ್ದು. ಪ್ರಶ್ನೆ ಕೇಳುವ ವಿಶ್ವಾಸಿಗಳ ಬಾಯಿ ಮುಚ್ಚಿಸಲು ಅಲ್ಲ. ದಾವೀದನು ತನ್ನನ್ನು ಕೊಲ್ಲಲು ಹುಡುಕುತ್ತಿದ್ದ ಸೌಲ ರಾಜನನ್ನು ಗುಹೆಯಲ್ಲಿ ಕೊಲ್ಲದೆ ಬಿಟ್ಟ, ಯೆಹೋವನ ಅಭಿಷಿಕ್ತ ಅಂತ. ಆದರೆ ಗುಹೆಯಿಂದ ಹೊರಗೆ ಬಂದು, ನೀನು ಮಾಡುತ್ತಿರುವುದು ತಪ್ಪು ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಎರಡೂ ಒಬ್ಬನೇ ಮನುಷ್ಯ, ಒಂದೇ ದಿನ.

ಇನ್ನೊಂದು ಮಾತು. ನಾಳೆ ನಿಜವಾಗಲೂ ನಿನಗೆ ವೀಸಾ ಬಂತು ಅಂತಿಟ್ಟುಕೋ. ಆಗ ಏನು? ನನಗೆ ಸಂತೋಷವೇ. ಆದರೂ ಹೇಳಿದ್ದು ನಡೆದ ಮಾತ್ರಕ್ಕೆ ಹೇಳಿದವರೆಲ್ಲ ಸರಿ ಅಂತ ಆಗುವುದಿಲ್ಲ. ಧರ್ಮೋಪದೇಶಕಾಂಡ 13ನೆಯ ಅಧ್ಯಾಯ ನೋಡು. ಹೇಳಿದ ಗುರುತು ಉಂಟಾದರೂ, ಅವನು ನಿಮ್ಮನ್ನು ಬೇರೆ ದೇವರ ಕಡೆ ಕರೆದರೆ ಕೇಳಬೇಡಿ ಅಂತ ಇದೆ. ಹಣದ ಮೇಲೆ ಆಸೆ ಹುಟ್ಟಿಸುವ ಮಾತನ್ನೂ ನಾನು ಆ ಸಾಲಿಗೇ ಸೇರಿಸುತ್ತೇನೆ. ದೇವರಿಗೆ ಕೊಡು, ಧಾರಾಳವಾಗಿ ಕೊಡು. ಬಡವರಿಗೆ ಕೊಡು, ಸಭೆಗೆ ಕೊಡು. ಆದರೆ ದೇವರ ಕೈಯಿಂದ ಏನೋ ಕೊಳ್ಳುವುದಕ್ಕೆ ಅಂತ ಕೊಡಬೇಡ. ಸಮಾರ್ಯದ ಸೀಮೋನನು ಪವಿತ್ರಾತ್ಮನ ವರವನ್ನು ಕೊಳ್ಳಲು ಹಣ ತಂದಾಗ ಪೇತ್ರನು ಏನಂದ ಅಂತ ಅಪೊಸ್ತಲರ ಕೃತ್ಯಗಳು 8ರಲ್ಲಿ ಓದಿಕೋ.

ಈಗ ಹಿಡಿದುಕೊಳ್ಳುವ ವಿಷಯ. ಬರೀ ಪರೀಕ್ಷೆ ಮಾಡುತ್ತಲೇ ಇರುವವರನ್ನು ನಾನು ನೋಡಿದ್ದೇನೆ. ಎಲ್ಲರ ಪ್ರಸಂಗದಲ್ಲೂ ತಪ್ಪು ಹುಡುಕುತ್ತಾರೆ, ಕೊನೆಗೆ ಯಾವ ಸಭೆಗೂ ಹೋಗುವುದಿಲ್ಲ, ಪ್ರಾರ್ಥನೆಯೂ ನಿಂತುಹೋಗುತ್ತದೆ. ನೀನು ಹಾಗಾಗಬಾರದು. ಒಳ್ಳೆಯದು ಸಿಕ್ಕಿದ ಮೇಲೆ ಬಿಡಬಾರದು. ಕ್ರಿಸ್ತನು ನಮ್ಮ ಪಾಪಗಳಿಗಾಗಿ ಸತ್ತ, ಹೂಣಲ್ಪಟ್ಟ, ಮೂರನೆಯ ದಿನ ಎದ್ದ. ಇದನ್ನು ಪೌಲನು ಕೊರಿಂಥದವರಿಗೆ ಮೊದಲ ಮಾತಾಗಿ ಒಪ್ಪಿಸಿದ, ಬಿಗಿಯಾಗಿ ಹಿಡಿದುಕೊಳ್ಳಿ ಅಂದ. ವಿದೇಶ ಸಿಕ್ಕರೂ ಸಿಗದಿದ್ದರೂ ಇದು ಬದಲಾಗುವುದಿಲ್ಲ. ನಾನು ನಿನಗೆ ಚಿಕ್ಕಂದಿನಿಂದ ಕೊಡಲು ಪ್ರಯತ್ನಪಟ್ಟದ್ದು ಇದನ್ನೇ.

ಹಿಡಿದುಕೊಂಡರೆ ಕೆಲವು ಸಲ ನಷ್ಟ ಆಗುತ್ತದೆ, ಅದನ್ನೂ ಮುಚ್ಚಿಡುವುದಿಲ್ಲ. ಆಫೀಸಿನಲ್ಲಿ ಹಳೆ ತಾರೀಕು ಹಾಕಿ ಬಿಲ್ಲು ಮಾಡು ಅಂತ ಹೇಳುತ್ತಾರೆ ಅಂದಿದ್ದೆಯಲ್ಲ. ಮೋಸದ ತಕ್ಕಡಿ ಯೆಹೋವನಿಗೆ ಅಸಹ್ಯ ಅನ್ನುವ ಜ್ಞಾನೋಕ್ತಿಯನ್ನು ಯಾರೂ ಹೊಸ ವರ್ಷದ ಕಾರ್ಡಿನಲ್ಲಿ ಹಾಕುವುದಿಲ್ಲ. ಆದರೆ ಅದೂ ನಿನ್ನ ವಚನವೇ. ಪ್ರಶ್ನೆ ಕೇಳಿದ್ದಕ್ಕೆ ಗುಂಪಿನಿಂದ ತೆಗೆದರೂ ತೆಗೆಯಬಹುದು. ಯೆರೆಮೀಯನನ್ನು ಕೆಸರು ತುಂಬಿದ ಬಾವಿಗೇ ಇಳಿಸಿದರು. ಅವನನ್ನು ಮೇಲೆ ಎತ್ತಿದವನು ಕೂಷ್ ದೇಶದವನಾದ ಎಬೆದ್ಮೆಲೆಕ, ಅರಮನೆಯ ಸೇವಕ. ಹಗ್ಗದ ಜೊತೆ ಹಳೆ ಬಟ್ಟೆ ಚಿಂದಿಗಳನ್ನೂ ಕೆಳಗೆ ಬಿಟ್ಟ, ಕಂಕುಳಲ್ಲಿ ಇಟ್ಟುಕೋ, ಹಗ್ಗ ಒತ್ತದಿರಲಿ ಅಂತ. ಎಂಥ ಮನುಷ್ಯ! ಸತ್ಯದ ಪಕ್ಷದಲ್ಲಿ ನಿಂತವರಿಗೆ ದೇವರು ಅಂಥವರನ್ನೂ ಕಳಿಸುತ್ತಾನೆ.

ನೀನೂ ಈಗ ಒಬ್ಬಳಿಗೆ ಹಾಗೆ ಆಗಬೇಕು. ನಿನ್ನ ರೂಮಿನ ಗೆಳತಿಗೆ ಥೈರಾಯ್ಡ್ ಮಾತ್ರೆ ಬಿಡು, ನುಂಗಿದರೆ ನಂಬಿಕೆ ಇಲ್ಲ ಅಂತ ಹೇಳಿದ್ದಾರಲ್ಲ, ಅದು ಕೇಳಿ ನನಗೆ ನಿದ್ದೆ ಬರಲಿಲ್ಲ. ಪೌಲನು ತನ್ನ ಜೊತೆ ದುಡಿಯುತ್ತಿದ್ದ ತಿಮೊಥೆಗೆ ಹೊಟ್ಟೆಯ ತೊಂದರೆಗಾಗಿ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಅಂತ ಬರೆದ. ಇನ್ನೊಬ್ಬ ಜೊತೆಗಾರ ತ್ರೊಫಿಮನನ್ನು ಅಸ್ವಸ್ಥನಾಗಿಯೇ ಮಿಲೇತದಲ್ಲಿ ಬಿಟ್ಟು ಬಂದ. ಮತ್ತೊಬ್ಬ ಜೊತೆಗಾರ ಎಪಫ್ರೊದೀತ ರೋಗ ಬಂದು ಸಾಯುವ ಹಾಗಾಗಿದ್ದ. ಇವರಿಗೆ ನಂಬಿಕೆ ಕಡಿಮೆ ಇತ್ತು ಅಂತ ಪೌಲ ಎಲ್ಲೂ ಹೇಳಲಿಲ್ಲ. ಈ ಮೂರೂ ಕಡೆ ಅವಳ ಜೊತೆ ಕೂತು ಓದು, ಪ್ರಾರ್ಥನೆ ಮಾಡು. ವಾದ ಮಾಡಬೇಡ, ಅವಳು ಹೆದರಿದ್ದಾಳೆ. ಮಾತ್ರೆ ಇವತ್ತಿನಿಂದಲೇ ಮತ್ತೆ ಶುರು ಮಾಡುವುದೋ, ಎಷ್ಟು ತೆಗೆದುಕೊಳ್ಳುವುದೋ ಅಂತ ಅವಳ ಡಾಕ್ಟರಿಗೆ ಇಂದೇ ಫೋನ್ ಮಾಡಿಸು. ಶನಿವಾರ ನೀನೇ ಜೊತೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸು. ದುಡ್ಡು ಸಾಲದಿದ್ದರೆ ಹೇಳು, ನಾನು ಕಳಿಸುತ್ತೇನೆ.

ಆ ಬೋಧಕರ ಹತ್ತಿರ ಮಾತಾಡುವುದಾದರೆ ಒಬ್ಬಳೇ ಹೋಗಬೇಡ, ನಿನ್ನ ಸಭೆಯ ಹಿರಿಯರಲ್ಲಿ ಒಬ್ಬರನ್ನು ಕರೆದುಕೊಂಡು ಹೋಗು. ಮರ್ಯಾದೆಯಿಂದ ಕೇಳು. ನಾನು ಬರೆದದ್ದನ್ನೂ ಹಾಗೇ ನಂಬಬೇಡ, ಒಂದೊಂದೂ ತೆಗೆದು ನೋಡು. ಎಲ್ಲಾದರೂ ತಪ್ಪು ಕಂಡರೆ ಭಾನುವಾರ ಆರಾಧನೆ ಮುಗಿದ ಮೇಲೆ ಫೋನ್ ಮಾಡು, ಇಬ್ಬರೂ ಸೇರಿ ಓದೋಣ.

ನಿನ್ನ ಅಮ್ಮ