ಇಂದು ರಾತ್ರಿ ಒಂಬತ್ತರೊಳಗೆ ಐದು ಬಾಟಲಿ ಔಷಧಿಗೆ ಹಣ ಬೇಕು

ಗೆಳೆಯರೇ,

ನಮ್ಮ ಹೈಸ್ಕೂಲಿನ ಗೆಳೆಯನ ತಮ್ಮ, 22 ವರ್ಷದ ಹುಡುಗ, ಐಸಿಯುನಲ್ಲಿದ್ದಾನೆ. ಕಳೆದ ಶನಿವಾರ ಪಾದ ಜುಮ್ಮೆಂದಿತು, ಸೋಮವಾರ ಮೆಟ್ಟಿಲು ಹತ್ತಲಾಗಲಿಲ್ಲ. ಗಿಲಿಯನ್ ಬಾರೆ ಸಿಂಡ್ರೋಮ್ ಎಂದಿದ್ದಾರೆ ವೈದ್ಯರು. ದೇಹದ ರಕ್ಷಣಾ ವ್ಯವಸ್ಥೆಯೇ ನರಗಳ ಮೇಲೆ ಬೀಳುವ ಕಾಯಿಲೆ ಇದು. ಉಸಿರಾಟದ ಸ್ನಾಯುಗಳಿಗೆ ತಲುಪಿದರೆ ವೆಂಟಿಲೇಟರ್ ಬೇಕಾಗುತ್ತದೆ. ಬೇಗ ಚಿಕಿತ್ಸೆ ಸಿಕ್ಕರೆ ಹೆಚ್ಚಿನವರು ಮತ್ತೆ ನಡೆಯುತ್ತಾರೆ, ಆದ್ದರಿಂದಲೇ ಈ ಅವಸರ.

ಇದಕ್ಕೆ ಕೊಡುವ ಔಷಧಿ ಇಮ್ಯುನೊಗ್ಲಾಬ್ಯುಲಿನ್, ಅಂದರೆ ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳು. ಅದನ್ನು ದೇಹತೂಕದ ಪ್ರತಿ ಕಿಲೋಗೆ 2 ಗ್ರಾಂನಂತೆ ಐದು ದಿನಗಳಲ್ಲಿ ಕೊಡುತ್ತಾರೆ. ಇವನ ತೂಕ 60 ಕಿಲೋ. ಅಂದರೆ 120 ಗ್ರಾಂ, 5 ಗ್ರಾಂನ 24 ಬಾಟಲಿ. ಹತ್ತು ಮುಗಿದಿವೆ. ಅವರಮ್ಮ ಬಳೆ ಅಡವಿಟ್ಟು ತಂದದ್ದು ಅವು. ಉಳಿದ 14ಕ್ಕೆ ಬಾಟಲಿಗೆ 9,000 ರೂಪಾಯಿಯಂತೆ 1,26,000 ಬೇಕು. ನಾಳೆಯ ಐದಕ್ಕೆ 45,000 ಇಂದೇ ಕಟ್ಟಬೇಕು.

ವಿಮೆ ಇಲ್ಲ. ಮನೆಯದು ಎಪಿಎಲ್ ಕಾರ್ಡ್. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಅಂಥವರಿಗೆ ಸಿಗುವುದು ಪ್ಯಾಕೇಜ್ ದರದ, ಅಂದರೆ ಚಿಕಿತ್ಸೆಗೆ ಸರ್ಕಾರ ನಿಗದಿ ಮಾಡಿದ ಮೊತ್ತದ, ಶೇ 30 ಮಾತ್ರ. ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿ ಹಾಕಿದ್ದೇವೆ, ಆದರೆ ಕಾಯಿಲೆ ಅದಕ್ಕಾಗಿ ಕಾಯುವುದಿಲ್ಲ.

ಹಣವನ್ನು ನನಗೆ ಕಳುಹಿಸಬೇಡಿ. ನೇರವಾಗಿ ಆಸ್ಪತ್ರೆಯ ಖಾತೆಗೆ, ರೋಗಿಯ ಸಂಖ್ಯೆ ನಮೂದಿಸಿ ಹಾಕಿ. ವಿವರದ ಚೀಟಿಯನ್ನು ಕೆಳಗೆ ಹಾಕುತ್ತೇನೆ. ಪ್ರತಿ ರಸೀದಿಯೂ ಗುಂಪಿಗೆ ಬರುತ್ತದೆ. ನೂರು ರೂಪಾಯಿಗೂ ಸಂಕೋಚ ಬೇಡ. ಅವನ ಹಾಸಿಗೆಯ ಫೋಟೊ ಮಾತ್ರ ಕೇಳಬೇಡಿ, ಹಂಚಬೇಡಿ. ರಾತ್ರಿ ಆಸ್ಪತ್ರೆಯಲ್ಲಿ ಅವರಮ್ಮನ ಜೊತೆ ಉಳಿಯಬಲ್ಲವರು ನನಗೆ ಈಗಲೇ ಕರೆ ಮಾಡಿ.